ತಾಲ್ಲೂಕು ನಡೆಸಬಲ್ಲ ಅಧಿಕಾರಿಗಳನ್ನು ಮೊದಲೇ ಗುರುತಿಸಿ ತಯಾರು ಮಾಡುವುದು ಹೇಗೆ? ವರದಿಯಲ್ಲಂತೂ ಎಲ್ಲರೂ ‘ಅತ್ಯುತ್ತಮ’

ಮೇಜು_ನಂ_4 (ಪ್ರಶ್ನೆ)

ಜಿಲ್ಲಾ ಪಂಚಾಯಿತಿಯೊಂದರ ಆಡಳಿತ ಶಾಖೆಯಿಂದ ಕೇಳುತ್ತಿದ್ದೇನೆ. ಮುಂದಿನ ಎರಡು ಮೂರು ವರ್ಷದಲ್ಲಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳ (ಇಒ) ನಿವೃತ್ತಿ ಒಂದರ ಹಿಂದೊಂದು ಬರಲಿದೆ. ಆ ಕುರ್ಚಿಗೆ ಬರಬಹುದಾದವರು, ಅಂದರೆ ಈಗ ಸಹಾಯಕ ನಿರ್ದೇಶಕರ ಮಟ್ಟದಲ್ಲಿರುವವರು, ಸುಮಾರು ಇಪ್ಪತ್ತು ಮಂದಿ. ಯಾರು ಈಗಲೇ ತಾಲ್ಲೂಕು ನಿಭಾಯಿಸಬಲ್ಲರು, ಯಾರಿಗೆ ಯಾವುದರಲ್ಲಿ ತಯಾರಿ ಬೇಕು ಅಂತ ನೋಡಿ ಯೋಜನೆ ಮಂಡಿಸಿ ಎಂದು ಮೇಲಿನಿಂದ ಸೂಚನೆ ಬಂದಿದೆ.

ತೊಡಕು ಮೂರು. ಒಂದು, ಐದು ವರ್ಷದ ಕಾರ್ಯನಿರ್ವಹಣಾ ವರದಿ ತೆಗೆದು ನೋಡಿದರೆ ಇಪ್ಪತ್ತಕ್ಕೆ ಇಪ್ಪತ್ತೂ ‘ಅತ್ಯುತ್ತಮ’ ಇಲ್ಲವೇ ‘ಬಹಳ ಉತ್ತಮ’. ಎರಡು, ಖಾಸಗಿ ಸಂಸ್ಥೆಯೊಂದು ಆನ್‌ಲೈನ್ ವ್ಯಕ್ತಿತ್ವ ಪರೀಕ್ಷೆ ಮಾಡಿಕೊಡುತ್ತೇವೆ ಎನ್ನುತ್ತಿದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿ, ವರದಿ ಬಣ್ಣಬಣ್ಣದ ಚಾರ್ಟಿನಲ್ಲಿ. ಮೂರು, ಮೈಸೂರಿಗೆ ಐದು ದಿನ ತರಬೇತಿಗೆ ಕಳಿಸಿದರೆ ಪ್ರಮಾಣಪತ್ರ ಬರುತ್ತದೆ, ಕೆಲಸದಲ್ಲಿ ಏನೂ ಬದಲಾಗುವುದಿಲ್ಲ.

ಬಡ್ತಿ ನಮ್ಮ ಕೈಯಲ್ಲಿಲ್ಲ, ಅದು ಗೊತ್ತು. ನಮ್ಮ ಮಟ್ಟದಲ್ಲಿ ಏನು ಮಾಡಬಹುದು, ಹೇಗೆ ಮಾಡಬೇಕು ಅಂತ ತಿಳಿದವರು ಹಂತಹಂತವಾಗಿ ಹೇಳಿದರೆ ಉಪಕಾರ.

---

ಕಡತದ_ಬೆನ್ನು

ವರದಿಗಳನ್ನು ಪಕ್ಕಕ್ಕಿಡಬೇಡಿ, ಅದರಲ್ಲಿರುವ ಶ್ರೇಣಿಯನ್ನು ಮಾತ್ರ ನಂಬಬೇಡಿ.

ಎಲ್ಲರೂ ‘ಅತ್ಯುತ್ತಮ’ ಆಗುವುದಕ್ಕೆ ಕಾರಣ ಇದೆ. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕು ಎಂದಿತು. ಅದು ಸರಿಯಾದ ತೀರ್ಪೇ. ಆದರೆ ಆಮೇಲೆ ಯಾರಿಗಾದರೂ ‘ಉತ್ತಮ’ ಎಂದು ಬರೆದರೆ ಮನವಿ ಬರುತ್ತದೆ, ಬರೆದವರು ಸಮರ್ಥನೆ ಕೊಡಬೇಕಾಗುತ್ತದೆ, ಕೊಡಲು ಕೈಯಲ್ಲಿ ದಾಖಲೆ ಇರುವುದಿಲ್ಲ. ವರ್ಷದ ವರದಿಗಳನ್ನೆಲ್ಲ ಒಂದೇ ಸಲ ಕೂತು ಬರೆದು ಮುಗಿಸುವ ವರದಿ ಮಾಡುವ ಅಧಿಕಾರಿಗೆ ‘ಅತ್ಯುತ್ತಮ’ವೇ ಕಷ್ಟವಿಲ್ಲದ ದಾರಿ. ಕೇಂದ್ರ ಸರ್ಕಾರ 2009ರಲ್ಲಿ ಇದನ್ನು ಅಂಕಿಗೆ ತಂದಿತು: ಕೆಲಸದ ಫಲಿತಾಂಶಕ್ಕೆ ಶೇ 40, ವೈಯಕ್ತಿಕ ಗುಣಗಳಿಗೆ 30, ಕಾರ್ಯ ಸಾಮರ್ಥ್ಯಕ್ಕೆ 30, ಒಟ್ಟು 1ರಿಂದ 10ರ ಅಳತೆ. 9 ಅಥವಾ 10 ಕೊಟ್ಟರೆ ನಿರ್ದಿಷ್ಟ ಸಾಧನೆ ಬರೆಯಬೇಕು, 1 ಅಥವಾ 2 ಕೊಟ್ಟರೆ ನಿರ್ದಿಷ್ಟ ವೈಫಲ್ಯ ಬರೆಯಬೇಕು, ಇವೆರಡೂ ಅಪರೂಪವಾಗಿರಬೇಕು ಎಂದೂ ಅದರಲ್ಲಿದೆ. ನಿಯಮ ಚೆನ್ನಾಗಿದೆ. ಅಂಕಿ ಬಂದ ಮಾತ್ರಕ್ಕೆ ಬರೆಯುವ ಕೈಯ ಧಾರಾಳತನ ಕಡಿಮೆಯಾಗುವುದಿಲ್ಲ, ಅಷ್ಟೆ.

ಹಾಗಾದರೆ ವರದಿಯಲ್ಲಿ ಏನು ನೋಡಬೇಕು? ಸ್ವಯಂ ಮೌಲ್ಯಮಾಪನದ ಭಾಗ ಓದಿ. ಗುರಿ ಎಷ್ಟಿತ್ತು, ಆದದ್ದೆಷ್ಟು, ಆಗದ್ದಕ್ಕೆ ಕೊಟ್ಟ ಕಾರಣ ಏನು ಎಂಬಲ್ಲಿ ಆ ವ್ಯಕ್ತಿ ಕಾಣುತ್ತಾರೆ. ಬೇರೆಬೇರೆ ಮೇಲಧಿಕಾರಿಗಳು ಬರೆದ ಷರಾಗಳಲ್ಲಿ ಒಂದೇ ನಿರ್ದಿಷ್ಟ ಮಾತು ಎರಡು ಸಲ ಬಂದಿದೆಯೇ ನೋಡಿ. ‘ಪ್ರಾಮಾಣಿಕ, ಶ್ರಮಜೀವಿ’ ಎಂಬುದಕ್ಕೆ ಬೆಲೆ ಇಲ್ಲ. ‘ಬಾಕಿ ಆಡಿಟ್ ಕಂಡಿಕೆಗಳನ್ನು ತೀರುವಳಿ ಮಾಡಿಸಿದ್ದಾರೆ’ ಎಂದಿದ್ದರೆ ಅದು ಸಾಕ್ಷ್ಯ. ಒಬ್ಬರಿಗೆ ಅರ್ಧ ಗಂಟೆ ಸಾಕು.

ಇನ್ನೂ ದೊಡ್ಡ ಮಿತಿ ಬೇರೆ ಇದೆ. ವರದಿ ಹೇಳುವುದು ಈಗಿನ ಹುದ್ದೆಯ ಬಗ್ಗೆ. ಸಹಾಯಕ ನಿರ್ದೇಶಕರು ಒಂದು ವಿಷಯ ನೋಡಿಕೊಳ್ಳುತ್ತಾರೆ. ಇಒ ಆದವರು ಇಪ್ಪತ್ತು ಮೂವತ್ತು ಪಂಚಾಯಿತಿಗಳ ಅಭಿವೃದ್ಧಿ ಅಧಿಕಾರಿಗಳಿಂದ (ಪಿಡಿಒ) ಕೆಲಸ ತೆಗೆಯಬೇಕು, ಶಾಸಕರ ಎದುರು ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಉತ್ತರ ಕೊಡಬೇಕು, ಬಿಲ್ಲಿಗೆ ಸಹಿ ಹಾಕಬೇಕು, ಕೋರ್ಟಿನ ಗಡುವು ನೆನಪಿಡಬೇಕು. ಒಳ್ಳೆಯ ವಿಷಯ ತಜ್ಞರು ಇಲ್ಲಿ ಎಡವುವುದು ಸಾಮಾನ್ಯ.

ಆದ್ದರಿಂದ ಮೊದಲ ಹೆಜ್ಜೆ ಅಭ್ಯರ್ಥಿಗಳನ್ನು ನೋಡುವುದಲ್ಲ, ಹುದ್ದೆಯನ್ನು ನೋಡುವುದು. ಚೆನ್ನಾಗಿ ತಾಲ್ಲೂಕು ನಡೆಸುತ್ತಿರುವ ನಾಲ್ಕೈದು ಇಒಗಳನ್ನು ಕೂರಿಸಿ ಎರಡೇ ಪ್ರಶ್ನೆ ಕೇಳಿ. ಕಳೆದ ತಿಂಗಳಲ್ಲಿ ತೆಗೆದುಕೊಂಡ ಮೂರು ಕಷ್ಟದ ತೀರ್ಮಾನ ಯಾವುವು? ಈ ಹುದ್ದೆಯಲ್ಲಿ ಸೋಲುವವರು ಏನು ಮಾಡಿ ಸೋಲುತ್ತಾರೆ? ಎರಡನೆಯದಕ್ಕೆ ಬರುವ ಉತ್ತರವೇ ಹೆಚ್ಚು ಉಪಯೋಗ. ಅದರಿಂದ ಐದು ಅಥವಾ ಆರು ಸಾಮರ್ಥ್ಯ ಆರಿಸಿ. ಕೇಂದ್ರದ ಸಿಬ್ಬಂದಿ ಇಲಾಖೆಯ 2014ರ ಸಾಮರ್ಥ್ಯ ಕೋಶದಲ್ಲಿ 25 ಇವೆ. ಅಷ್ಟನ್ನೂ ಅಳೆಯಲು ಹೊರಟರೆ ಯಾವುದನ್ನೂ ಅಳೆದಂತಾಗುವುದಿಲ್ಲ. ಒಬ್ಬ ವೀಕ್ಷಕನ ತಲೆಯಲ್ಲಿ ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ನಿಲ್ಲುವುದೂ ಇಲ್ಲ.

ಆ ಇಂಗ್ಲಿಷ್ ವ್ಯಕ್ತಿತ್ವ ಪರೀಕ್ಷೆ ಬೇಡ. ಕಂಪನಿ ಮ್ಯಾನೇಜರುಗಳ ಸರಾಸರಿಗೆ ಹೋಲಿಸಿ ಅಂಕ ಕೊಡುವ ಪರೀಕ್ಷೆ ಅದು, ಪಂಚಾಯತ್ ರಾಜ್ ಅಧಿಕಾರಿಗಳಿಗೆ ಹೋಲಿಸಿದ್ದಲ್ಲ. ಇಂಗ್ಲಿಷ್ ಓದುವ ವೇಗವೂ ಅಂಕದಲ್ಲಿ ಸೇರಿಬಿಡುತ್ತದೆ.

---

ತರಬೇತಿ_ಪೀಠ

ಮೇಲಿನವರು ಹೇಳಿದ್ದಕ್ಕೆ ಮುಂದುವರಿಕೆ. ಮುಂದಿನ ಹುದ್ದೆಯ ಕೆಲಸದ ಒಂದು ತುಣುಕನ್ನು ಕೈಗೆ ಕೊಟ್ಟು ಹೇಗೆ ಮಾಡುತ್ತಾರೆ ಎಂದು ನೋಡುವುದೇ ದಾರಿ. ಹೊರಗಿನ ಸಂಸ್ಥೆ ಬೇಕಿಲ್ಲ. ಐದು ಜನರ ತಂಡಕ್ಕೆ ಒಂದು ದಿನ, ಇಪ್ಪತ್ತು ಮಂದಿಗೆ ನಾಲ್ಕು ದಿನ. ಮೂವರು ವೀಕ್ಷಕರು, ಸಮಯ ನೋಡಿಕೊಳ್ಳಲು ಒಬ್ಬರು. ವೀಕ್ಷಕರಾಗಿ ಬೇರೆ ಜಿಲ್ಲೆಯ ಅನುಭವಿ ಇಒ, ನಿವೃತ್ತ ಕೆಎಎಸ್ ಅಧಿಕಾರಿ, ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಅಥವಾ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಬೋಧಕರು ಆಗಬಹುದು. ಅಭ್ಯರ್ಥಿಯ ಈಗಿನ ಮೇಲಧಿಕಾರಿ ಮಾತ್ರ ಬೇಡ.

ದಿನದ ಮೂರು ಭಾಗ:

1. ಕಡತ ರಾಶಿ, 75 ನಿಮಿಷ. ‘ನೀವು ಈ ದಿನ ಬೆಳಿಗ್ಗೆ ಇಒ ಆಗಿ ಪ್ರಭಾರ ವಹಿಸಿಕೊಂಡಿದ್ದೀರಿ, ಮಧ್ಯಾಹ್ನ ಜಿಲ್ಲಾ ಕೇಂದ್ರದ ಸಭೆಗೆ ಹೊರಡಬೇಕು’ ಎಂದು ಹೇಳಿ 14 ಕಾಗದ ಕೊಡಿ. ಪ್ರತಿಯೊಂದರ ಮೇಲೂ ಆದೇಶ ಅಥವಾ ಟಿಪ್ಪಣಿ ಬರೆಯಬೇಕು.

2. ಎದುರುಬದುರು ಅಭಿನಯ, 15 ನಿಮಿಷ ಓದು, 15 ನಿಮಿಷ ಮಾತು. ತೆರಿಗೆ ವಸೂಲಿಯಲ್ಲಿ ಹಿಂದುಳಿದ ಪಿಡಿಒ ಒಬ್ಬರ ಜೊತೆ ಮಾತುಕತೆ.

3. ರಚಿತ ಸಂದರ್ಶನ, 40 ನಿಮಿಷ. ನಾಲ್ಕೇ ಪ್ರಶ್ನೆ, ಎಲ್ಲರಿಗೂ ಅವೇ, ಅದೇ ಕ್ರಮದಲ್ಲಿ.

ಅತಿ ಹೆಚ್ಚು ಮಾಹಿತಿ ಕೊಡುವುದು ಕಡತ ರಾಶಿ. ಅದನ್ನು ಕಟ್ಟುವ ಕಲೆ ಇಷ್ಟು: ಮೂರು ತುರ್ತು, ಐದು ಮುಖ್ಯ, ನಾಲ್ಕು ಕಸ (ಆಹ್ವಾನ ಪತ್ರಿಕೆ, ಹಳೆಯ ಸುತ್ತೋಲೆ), ಎರಡು ಬಲೆ. ತುರ್ತಿಗೆ ಉದಾಹರಣೆ: ಸಂಜೆಯೊಳಗೆ ಕಳಿಸಬೇಕಾದ ವಿಧಾನಸಭೆ ಪ್ರಶ್ನೆಯ ಉತ್ತರ, ಮೂರು ದಿನದಲ್ಲಿ ಪಾಲನೆಯಾಗದಿದ್ದರೆ ನ್ಯಾಯಾಂಗ ನಿಂದನೆಯಾಗುವ ಹೈಕೋರ್ಟ್ ಆದೇಶ, ಕೊಳವೆಬಾವಿ ಬತ್ತಿದ ಊರಿನ ಅರ್ಜಿ. ಬಲೆಗೆ ಉದಾಹರಣೆ: ಒಂದೇ ರಸ್ತೆಯ ಕಾಮಗಾರಿಯನ್ನು ಟೆಂಡರ್ ತಪ್ಪಿಸಲು ತುಂಡು ಮಾಡಿದ ಅಂದಾಜು ಪಟ್ಟಿಗಳು, ಬೇರೆಬೇರೆ ಪುಟಗಳಲ್ಲಿ. ಟೆಂಡರ್ ಪಾರದರ್ಶಕತೆಯ ಕೆಟಿಪಿಪಿ ಕಾಯ್ದೆ ಬಾಯಿಪಾಠ ಬರುವವರೂ ಒತ್ತಡದಲ್ಲಿ ಅದನ್ನು ಗಮನಿಸದೆ ಸಹಿ ಹಾಕುತ್ತಾರೆ. ಇನ್ನೊಂದು, ಬೇರೆ ಕಚೇರಿಗೆ ಸೇರಿದ ಮಾಹಿತಿ ಹಕ್ಕು ಅರ್ಜಿ. ಅದನ್ನು 5 ದಿನದೊಳಗೆ ವರ್ಗಾಯಿಸಬೇಕು, 30 ದಿನ ಇದೆಯಲ್ಲ ಎಂದು ಬದಿಗಿಟ್ಟರೆ ತಪ್ಪು. ಐದು ಮುಖ್ಯ ಕಾಗದಗಳಲ್ಲಿ ಮಹಿಳಾ ಸಿಬ್ಬಂದಿಯೊಬ್ಬರ ಲೈಂಗಿಕ ಕಿರುಕುಳದ ದೂರು ಒಂದಿರಲಿ. ಅದನ್ನು ಆಂತರಿಕ ಸಮಿತಿಗೆ ಕಳಿಸುತ್ತಾರೋ, ‘ಇಬ್ಬರನ್ನೂ ಕರೆಸಿ ಮಾತನಾಡಿ’ ಎಂದು ಬರೆಯುತ್ತಾರೋ ನೋಡಿ.

ಎರಡು ಕಾಗದಕ್ಕೆ ಗುಟ್ಟಾಗಿ ನಂಟು ಇರಬೇಕು. ವಿಧಾನಸಭೆ ಪ್ರಶ್ನೆಗೆ ಮಾಹಿತಿ ಕೊಡಬೇಕಾದ ಪಿಡಿಒ ಯಾರೋ, ಹನ್ನೊಂದನೇ ಕಾಗದ ಅದೇ ಪಿಡಿಒನ ರಜೆ ಚೀಟಿ. ಎಲ್ಲವನ್ನೂ ಒಮ್ಮೆ ತಿರುವಿ ನೋಡಿ ಆಮೇಲೆ ಶುರು ಮಾಡಿದವರಿಗೆ ಮಾತ್ರ ಇದು ಕಾಣುತ್ತದೆ.

ಅಂಕ ಕೊಡುವಾಗ ಸರ್ಕಾರಿ ಕಚೇರಿಯ ಒಂದು ರೋಗವನ್ನು ಹುಡುಕಿ: ಹದಿನಾಲ್ಕು ಕಾಗದದ ಮೇಲೂ ‘ಪರಿಶೀಲಿಸಿ ಮಂಡಿಸಿ’, ‘ನಿಯಮಾನುಸಾರ ಕ್ರಮ ವಹಿಸಿ’, ‘ಚರ್ಚಿಸಿ’. ಯಾರು, ಏನು, ಯಾವಾಗಿನೊಳಗೆ ಎಂಬ ಮೂರೂ ಇಲ್ಲದ ಆದೇಶಕ್ಕೆ 5ರಲ್ಲಿ 2ಕ್ಕಿಂತ ಹೆಚ್ಚು ಬೇಡ. ಮೂರೂ ಇದ್ದು, ಅನುಪಾಲನೆ ನೋಡುವ ದಿನಾಂಕವೂ ಇದ್ದರೆ 4. ಎಲ್ಲವನ್ನೂ ತಾನೇ ಮಾಡುತ್ತೇನೆ ಎನ್ನುವವರಿಗೂ ಹೆಚ್ಚು ಅಂಕ ಇಲ್ಲ, ಅಂಥವರ ತಾಲ್ಲೂಕು ಅವರು ರಜೆ ಹಾಕಿದ ದಿನ ನಿಂತುಹೋಗುತ್ತದೆ.

ಅಭಿನಯದಲ್ಲಿ ಪಿಡಿಒ ಪಾತ್ರಧಾರಿ ಒಬ್ಬರೇ ಇರಲಿ, ನಾಲ್ಕು ದಿನವೂ. ಮೊದಲ ದಿನ ಕೋಪಿಷ್ಠ, ಕೊನೆಯ ದಿನ ಸುಸ್ತಾಗಿ ಸೌಮ್ಯ ಆದರೆ ಹೋಲಿಕೆ ಕೆಡುತ್ತದೆ. ಆದ್ದರಿಂದ ಅವರಿಗೆ ಮೂರು ಕಡ್ಡಾಯ ಮಾತು ಬರೆದುಕೊಡಿ: ‘ಬಿಲ್ ಕಲೆಕ್ಟರ್ ಇಲ್ಲ’, ‘ಸದಸ್ಯರು ವಸೂಲಿ ಬೇಡ ಅಂತಾರೆ’, ‘ನನ್ನೊಬ್ಬನನ್ನೇ ಯಾಕೆ ಕೇಳ್ತೀರಿ’. ಪಿಡಿಒಗೆ ಬೈದವರಿಗೂ, ಎಲ್ಲದಕ್ಕೂ ಹೂಂ ಎಂದವರಿಗೂ ಕಡಿಮೆ ಅಂಕ. ಯಾವ ಅಡಚಣೆ ನಿಜ, ಯಾವುದು ನೆಪ ಎಂದು ಬೇರ್ಪಡಿಸಿ, ಒಂದು ಅಂಕಿ ಮತ್ತು ಒಂದು ದಿನಾಂಕಕ್ಕೆ ಒಪ್ಪಿಸಿ ಎದ್ದವರಿಗೆ ಹೆಚ್ಚು.

ಸಂದರ್ಶನದಲ್ಲಿ ‘ನಾಯಕತ್ವ ಎಂದರೇನು’ ಎಂಬಂಥ ಪ್ರಶ್ನೆ ಕೇಳಿದರೆ ಭಾಷಣ ಬರುತ್ತದೆ. ‘ನಿಮಗೆ ಅಧಿಕಾರವೇ ಇಲ್ಲದ ಬೇರೆ ಇಲಾಖೆಯಿಂದ ಕೆಲಸ ಮಾಡಿಸಿಕೊಂಡ ಒಂದು ಸಂದರ್ಭ ಹೇಳಿ’ ಎಂದು ಕೇಳಿ. ಉತ್ತರವೆಲ್ಲ ‘ಕ್ರಮ ವಹಿಸಲಾಯಿತು, ಸಭೆ ನಡೆಸಲಾಯಿತು’ ಎಂದೇ ಬರುತ್ತದೆ. ‘ಅದರಲ್ಲಿ ನೀವೇ ಮಾಡಿದ್ದು ಯಾವುದು? ಯಾರಿಗೆ ಫೋನ್ ಮಾಡಿದಿರಿ? ಅವರು ಏನೆಂದರು?’ ಎಂದು ಎರಡು ಮೂರು ಸಲ ಬಿಡದೆ ಕೇಳಬೇಕು. ಇಡೀ ದಿನ ಕನ್ನಡದಲ್ಲೇ ನಡೆಯಲಿ, ಕೆಲಸ ನಡೆಯುವುದೂ ಕನ್ನಡದಲ್ಲೇ.

ಸಂಶೋಧನೆ ಏನು ಹೇಳುತ್ತದೆ ಎನ್ನುವವರಿಗೆ: 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಮರುಲೆಕ್ಕ ಹಾಕಿದಾಗ, ಮುಂದಿನ ಕೆಲಸದ ಗುಣಮಟ್ಟದ ಜೊತೆ ರಚಿತ ಸಂದರ್ಶನದ ಹೊಂದಾಣಿಕೆ (ಪೂರ್ತಿ ಹೊಂದಿದರೆ 1) 0.42 ಬಂತು, ಮೇಲೆ ಹೇಳಿದಂಥ ಅಭ್ಯಾಸಗಳನ್ನು ಕೊಡುವ ಮೌಲ್ಯಮಾಪನ ಕೇಂದ್ರಗಳದ್ದು 0.29. ಎರಡೂ 1ರ ಹತ್ತಿರಕ್ಕೂ ಇಲ್ಲ ಎಂಬುದನ್ನು ಮರೆಯಬೇಡಿ. 5ರಲ್ಲಿ 3.4 ಬಂದವರಿಗೂ 3.6 ಬಂದವರಿಗೂ ನಡುವೆ ನಿಜವಾದ ವ್ಯತ್ಯಾಸ ಏನೂ ಇಲ್ಲ.

ಎಡವುವ ಜಾಗ ಎರಡು. ವೀಕ್ಷಕರಿಗೆ ತರಬೇತಿ ಕೊಡದೇ ಕೂರಿಸುವುದು ಒಂದು. ಕನಿಷ್ಠ ಒಂದೂವರೆ ದಿನ ಬೇಕು: ಮಾದರಿ ಉತ್ತರಗಳಿಗೆ ಎಲ್ಲರೂ ಬೇರೆಬೇರೆ ಅಂಕ ಹಾಕಿ, ಎರಡು ಅಂಕ ವ್ಯತ್ಯಾಸ ಬಂದಲ್ಲಿ ಜಗಳ ಆಡಿ, ಅಳತೆ ಒಂದೇ ಆಗುವವರೆಗೆ. ಇನ್ನೊಂದು, ಅಂಕ ಹಾಕುವ ಮೊದಲೇ ವೀಕ್ಷಕರು ಪರಸ್ಪರ ಮಾತಾಡಿಕೊಳ್ಳುವುದು. ಹಿರಿಯರು ‘ಹುಡುಗ ಚೆನ್ನಾಗಿದ್ದಾನೆ’ ಎಂದ ಕೂಡಲೇ ಉಳಿದವರ ಪೆನ್ನು ಅತ್ತ ವಾಲುತ್ತದೆ. ಮೊದಲು ಬರೆದು ಸಹಿ ಹಾಕಿ, ಆಮೇಲೆ ಬಾಯಿ ತೆರೆಯಬೇಕು.

---

ಹಾಲಿ_ಪಿಡಿಒ

ಎರಡನೇ ವರ್ಷಕ್ಕೆ ಇದು ಇನ್ನೊಂದು ಇಲಾಖಾ ಪರೀಕ್ಷೆ ಆಗುತ್ತೆ ಸರ್. ಕಡತ ರಾಶಿಯ ‘ಕೀ ಆನ್ಸರ್’ ವಾಟ್ಸಾಪ್ ಗುಂಪಿಗೆ ಬಂದುಬಿಡುತ್ತೆ.

ಮತ್ತೆ, ಈ ಇಪ್ಪತ್ತು ಜನರ ಪಟ್ಟಿ ಯಾರು ಮಾಡೋದು? ಮೇಲಧಿಕಾರಿ ನಾಮನಿರ್ದೇಶನ ಅಂದರೆ ಜಿಲ್ಲಾ ಕೇಂದ್ರದಲ್ಲಿ ಓಡಾಡೋರು, ರಾತ್ರಿ ಒಂಬತ್ತಕ್ಕೂ ಫೋನ್ ಎತ್ತೋರು ಬರ್ತಾರೆ. ದೂರದ ತಾಲ್ಲೂಕಲ್ಲಿ ಸದ್ದಿಲ್ಲದೆ ಕೆಲಸ ಮಾಡೋರು, ಸಣ್ಣ ಮಕ್ಕಳಿರೋ ಮಹಿಳಾ ಅಧಿಕಾರಿಗಳು ಪಟ್ಟಿಗೇ ಬರಲ್ಲ.

---

ತರಬೇತಿ_ಪೀಠ

ಎರಡೂ ಸರಿಯಾದ ಪ್ರಶ್ನೆ. ಕಾಗದಗಳ ಹೆಸರು, ದಿನಾಂಕ, ನಂಟು ಪ್ರತಿ ತಂಡಕ್ಕೂ ಬದಲಾಗಬೇಕು. ರಚನೆ ಅದೇ ಇರಲಿ. ಒಂದು ಮೂಲದಿಂದ ನಾಲ್ಕು ಆವೃತ್ತಿ ಮಾಡಲು ಎರಡು ದಿನದ ಕೆಲಸ. ‘ಯಾರು, ಏನು, ಯಾವಾಗ ಬರೆಯಬೇಕಂತೆ’ ಎಂಬ ಸುದ್ದಿ ಹಬ್ಬಿದರೆ ಹಬ್ಬಲಿ, ಎಲ್ಲರೂ ಹಾಗೆ ಬರೆಯಲು ಕಲಿತರೆ ನಷ್ಟ ಏನು?

ಪಟ್ಟಿಯ ವಿಷಯದಲ್ಲಿ ನಾಮನಿರ್ದೇಶನವೇ ಬೇಡ. ಜ್ಯೇಷ್ಠತಾ ಪಟ್ಟಿಯಲ್ಲಿ ಮುಂದಿನ ಮೂರು ವರ್ಷದೊಳಗೆ ಸರದಿ ಬರಬಹುದಾದ ಎಲ್ಲರನ್ನೂ ಕರೆಯಿರಿ. ಇಪ್ಪತ್ತು ಮಂದಿಯೇ ಆದ್ದರಿಂದ ಸೋಸುವ ಅಗತ್ಯವೂ ಇಲ್ಲ.

---

ನಿಯಮ_32

ಕಾನೂನಿನ ಕಡೆಯಿಂದ ನಾಲ್ಕು ಮಾತು. ಇದನ್ನು ಬಿಟ್ಟರೆ ಮೇಲಿನ ಶ್ರಮವೆಲ್ಲ ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಮುಂದೆ ಹೋಗಿ ನಿಲ್ಲುತ್ತದೆ.

ನಮ್ಮಲ್ಲಿ ಬಹುತೇಕ ಹುದ್ದೆಗಳ ಬಡ್ತಿ ಜ್ಯೇಷ್ಠತೆ ಮತ್ತು ಅರ್ಹತೆ ಮೇಲೆ, ವೃಂದ ಮತ್ತು ನೇಮಕಾತಿ ನಿಯಮದ ಪ್ರಕಾರ. ನೀವು ನಡೆಸುವ ಮೌಲ್ಯಮಾಪನದ ಅಂಕ ಆ ನಿಯಮದಲ್ಲಿ ಇಲ್ಲ. ಆದ್ದರಿಂದ ಅದನ್ನು ಬಡ್ತಿ ಸಮಿತಿ ಮುಂದೆ ಇಡುವ ಹಾಗಿಲ್ಲ. ಆದೇಶದ ಮೊದಲ ಪುಟದಲ್ಲೇ ಬರೆಯಿರಿ: ಇದು ತರಬೇತಿ ಅಗತ್ಯ ಗುರುತಿಸಲು ಮಾತ್ರ, ಸೇವಾ ಪುಸ್ತಕಕ್ಕೂ ಕಾರ್ಯನಿರ್ವಹಣಾ ವರದಿಗೂ ಸೇರುವುದಿಲ್ಲ. ಕಡತವೂ ಬೇರೆಯೇ ಇರಲಿ.

ಪ್ರಭಾರದ ಬಗ್ಗೆ ಎಚ್ಚರ. ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 32ರಡಿ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ, ನಿಯಮ 68ರಡಿ ಹೆಚ್ಚುವರಿ ಪ್ರಭಾರ. ಎರಡರಿಂದಲೂ ಬಡ್ತಿಯ ಹಕ್ಕು ಹುಟ್ಟುವುದಿಲ್ಲ. ಆದರೆ ‘ಮೌಲ್ಯಮಾಪನದಲ್ಲಿ ಮೇಲೆ ಬಂದಿದ್ದಾರೆ’ ಎಂದು ಕಿರಿಯರಿಗೆ ಸ್ವತಂತ್ರ ಪ್ರಭಾರ ಕೊಟ್ಟು ಹಿರಿಯರನ್ನು ಬಿಟ್ಟರೆ ಮೊದಲ ಅರ್ಜಿ ಬೀಳುವುದು ಅಲ್ಲೇ. ಅಭಿವೃದ್ಧಿಗೆಂದು ಜವಾಬ್ದಾರಿ ಕೊಡುವುದಾದರೆ ಹುದ್ದೆ ಕೊಡಬೇಡಿ, ಕೆಲಸ ಕೊಡಿ: ಒಂದು ಅಭಿಯಾನದ ನೋಡಲ್ ಅಧಿಕಾರಿ, ಒಂದು ತನಿಖಾ ತಂಡದ ಮುಖ್ಯಸ್ಥ. ಅದಕ್ಕೆ ಜ್ಯೇಷ್ಠತೆ ಅಡ್ಡ ಬರುವುದಿಲ್ಲ.

ಕೈಕೆಳಗಿನವರು, ಸಮಾನರು ಎಲ್ಲರಿಂದ ಅಭಿಪ್ರಾಯ ತೆಗೆಯುವ 360 ಡಿಗ್ರಿ ಪದ್ಧತಿ ಬಗ್ಗೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕೇಂದ್ರದಲ್ಲಿ ಹಿರಿಯ ಹುದ್ದೆಗಳಿಗೆ ಅರ್ಹರ ಪಟ್ಟಿ ಮಾಡುವ ಎಂಪ್ಯಾನೆಲ್‌ಮೆಂಟ್‌ಗೆ ಇದು 2015ರ ಸುಮಾರಿಗೆ ಬಂತು, 2017ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದು ಅಪಾರದರ್ಶಕ, ವ್ಯಕ್ತಿನಿಷ್ಠ ಎಂದು ಟೀಕಿಸಿತು. ಯಾರು ಏನು ಹೇಳಿದರು ಎಂದು ಅಧಿಕಾರಿಗೆ ತಿಳಿಯುವುದಿಲ್ಲ, ಉತ್ತರ ಕೊಡುವ ಅವಕಾಶವೂ ಇಲ್ಲ. ತಾಲ್ಲೂಕು ಮಟ್ಟದಲ್ಲಿ ತೊಂದರೆ ಇನ್ನೂ ಹೆಚ್ಚು: ಯಾರ ಮೇಲೆ ನೋಟಿಸ್ ಕೊಟ್ಟಿದ್ದರೋ ಅವರೇ ಅಭಿಪ್ರಾಯ ಬರೆಯುತ್ತಾರೆ, ಸಂಘದ ರಾಜಕೀಯ, ಜಾತಿ ಎಲ್ಲ ನುಗ್ಗುತ್ತದೆ. ಮಾಡಲೇಬೇಕಿದ್ದರೆ ಕನಿಷ್ಠ ಎಂಟು ಜನ, ಕಣ್ಣಿಗೆ ಕಾಣುವ ನಡವಳಿಕೆಯ ಬಗ್ಗೆ ಮಾತ್ರ ಪ್ರಶ್ನೆ (‘ಸಭೆಯ ನಡಾವಳಿ ವಾರದೊಳಗೆ ಕೊಡುತ್ತಾರೆಯೇ’ ಎಂಬಂಥದ್ದು), ಸರಾಸರಿ ಮಾತ್ರ, ಅದೂ ಆ ಅಧಿಕಾರಿಯ ಕೈಗೆ ಮಾತ್ರ.

ಕೊನೆಯದು, ವೀಕ್ಷಕರ ಹಾಳೆಯನ್ನು ಅಭ್ಯರ್ಥಿ ಮಾಹಿತಿ ಹಕ್ಕಿನಡಿ ಕೇಳಬಹುದು. ಅವರೇ ಓದುತ್ತಾರೆ ಎಂದುಕೊಂಡೇ ಬರೆಯಲಿ. ‘ಧೈರ್ಯ ಸಾಲದು’ ಬೇಡ. ‘5ನೇ ಕಾಗದದಲ್ಲಿ ತೀರ್ಮಾನ ತೆಗೆದುಕೊಳ್ಳದೆ ಮೇಲಕ್ಕೆ ಕಳಿಸಿದ್ದಾರೆ’ ಎಂದಿರಲಿ.

---

ಮೇಜು_ನಂ_4

ತುಂಬಾ ಧನ್ಯವಾದ. ಮೌಲ್ಯಮಾಪನದ ಭಾಗ ಸ್ಪಷ್ಟವಾಯಿತು. ಈಗ ಅದರ ಮುಂದಿನದು: ಕೊರತೆ ಗೊತ್ತಾದ ಮೇಲೆ ಏನು ಮಾಡಬೇಕು? ಐಗಾಟ್ (ಸರ್ಕಾರಿ ನೌಕರರ ಆನ್‌ಲೈನ್ ಕಲಿಕಾ ವೇದಿಕೆ) ಕೋರ್ಸ್ ಕಡ್ಡಾಯ ಮಾಡೋಣ ಎಂಬ ಸಲಹೆ ಇದೆ. ಇನ್ನೊಂದು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಅವರು ಒಂದರಿಂದ ಇಪ್ಪತ್ತರವರೆಗೆ ರ್‍ಯಾಂಕ್ ಪಟ್ಟಿ ಕೇಳುತ್ತಿದ್ದಾರೆ. ಕಡಿಮೆ ಬಂದವರಿಗೆ ಹೇಳುವುದಾದರೂ ಹೇಗೆ?

---

ಹೊಲಗದ್ದೆ_ಕಚೇರಿ

ಅಭಿವೃದ್ಧಿ ಭಾಗಕ್ಕೆ ನಾನು ಉತ್ತರಿಸುತ್ತೇನೆ. ರ್‍ಯಾಂಕ್ ಬಗ್ಗೆ ಬೇರೆಯವರು ಹೇಳಲಿ.

ಮೊದಲು ಕೊರತೆಯನ್ನು ಎರಡು ಜಾತಿ ಮಾಡಿ. ಗೊತ್ತಿಲ್ಲದ್ದು ಒಂದು, ಗೊತ್ತಿದ್ದೂ ಮಾಡದ್ದು ಇನ್ನೊಂದು. ಶಿಸ್ತು ಕ್ರಮದಲ್ಲಿ ಸಿಸಿಎ ನಿಯಮ 11ಕ್ಕೂ (ದೊಡ್ಡ ದಂಡನೆಯ ವಿಧಾನ) 12ಕ್ಕೂ (ಸಣ್ಣ ದಂಡನೆಯದು) ವ್ಯತ್ಯಾಸ ಗೊತ್ತಿಲ್ಲ, ಟೆಂಡರ್ ಹಂತಗಳು ಗೊತ್ತಿಲ್ಲ ಅಂದರೆ ಅದಕ್ಕೆ ತರಗತಿ ಸಾಕು. ಎರಡು ದಿನ ಮೈಸೂರು, ಇಲ್ಲವೇ ಜಿಲ್ಲಾ ತರಬೇತಿ ಸಂಸ್ಥೆ. ಮಿಷನ್ ಕರ್ಮಯೋಗಿಯ ಐಗಾಟ್ ವೇದಿಕೆಯೂ ಇಂಥದ್ದಕ್ಕೆ ಒಳ್ಳೆಯದು. ಆದರೆ ‘ವರ್ಷಕ್ಕೆ ಇಷ್ಟು ಕೋರ್ಸ್’ ಎಂದು ಕಡ್ಡಾಯ ಮಾಡಿದರೆ ಮೊಬೈಲಿನಲ್ಲಿ ವೀಡಿಯೊ ಓಡುತ್ತಿರುತ್ತದೆ, ಅಧಿಕಾರಿ ಬೇರೆ ಕಡತ ನೋಡುತ್ತಿರುತ್ತಾರೆ. ಒಬ್ಬರಿಗೆ ಅವರ ಕೊರತೆಗೆ ತಕ್ಕ ಎರಡೇ ಕೋರ್ಸ್ ಹೇಳಿ, ಮುಗಿದ ವಾರದಲ್ಲೇ ಅದಕ್ಕೆ ಸಂಬಂಧಿಸಿದ ನಿಜವಾದ ಕಡತ ಕೊಡಿ.

ಗೊತ್ತಿದ್ದೂ ಮಾಡದ್ದಕ್ಕೆ ತರಗತಿ ಪ್ರಯೋಜನವಿಲ್ಲ. ನಿಮ್ಮ ಪ್ರಶ್ನೆಯಲ್ಲಿದ್ದ ‘ಏನೂ ಬದಲಾಗುವುದಿಲ್ಲ’ಕ್ಕೆ ಕಾರಣ ಇದೇ. ಅದು ಕೆಲಸದಲ್ಲೇ ಬರಬೇಕು, ಪಕ್ಕದಲ್ಲಿ ಯಾರಾದರೂ ನೋಡುತ್ತಿರಬೇಕು.

ತೀರ್ಮಾನ ತಡ ಮಾಡುವವರನ್ನು ತೆಗೆದುಕೊಳ್ಳಿ. ಒಂದು ಬಗೆಯ ಕಡತಗಳ ಅಂತಿಮ ಅಧಿಕಾರವನ್ನು, ಉದಾಹರಣೆಗೆ ಸಿಬ್ಬಂದಿಯ ಸಣ್ಣ ರಜೆ, ಸಾದಿಲ್ವಾರು (ಕಚೇರಿಯ ಚಿಲ್ಲರೆ) ವೆಚ್ಚ, ಅವರಿಗೆ ನಿಯಮ ಅವಕಾಶ ಕೊಡುವ ಮಿತಿಯಲ್ಲಿ ಲಿಖಿತವಾಗಿ ವಹಿಸಿ. ಕಡತ ಅವರ ಮೇಜಿನಲ್ಲಿ ಮೂರು ಕೆಲಸದ ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಇ-ಆಫೀಸಿನಲ್ಲಿ ದಿನಾಂಕ ತಾನೇ ದಾಖಲಾಗುತ್ತದೆ, ಬೇರೆ ರಿಜಿಸ್ಟರ್ ಬೇಡ. ತಿಂಗಳಿಗೊಮ್ಮೆ ಆ ಕಡತಗಳಲ್ಲಿ ಐದನ್ನು ತೆಗೆದು ಯಾಕೆ ಹೀಗೆ ತೀರ್ಮಾನಿಸಿದಿರಿ ಎಂದು ಕೇಳಿ. ಇಲ್ಲಿ ಮುಖ್ಯ ನಿಬಂಧನೆ ಮೇಲಿನವರಿಗೇ: ವಹಿಸಿದ ಮೇಲೆ ಮಧ್ಯದಲ್ಲಿ ಕಡತ ಕಿತ್ತುಕೊಳ್ಳಬಾರದು. ಸದುದ್ದೇಶದ ಮೊದಲ ತಪ್ಪಿಗೇ ನೋಟಿಸ್ ಕೊಟ್ಟರೆ ಆ ಅಧಿಕಾರಿ ಜೀವಮಾನವಿಡೀ ‘ಪರಿಶೀಲಿಸಿ ಮಂಡಿಸಿ’ ಎಂದೇ ಬರೆಯುತ್ತಾರೆ.

ಕೆಲಸ ಮಾಡದವರನ್ನು ಎದುರಿಸಲಾಗದವರಿಗೆ: ಮೂರು ತಿಂಗಳು ಪಿಡಿಒಗಳ ಮಾಸಿಕ ಪರಿಶೀಲನಾ ಸಭೆಯ ಅಧ್ಯಕ್ಷತೆ ಕೊಡಿ. ಹಾಲಿ ಇಒ ಸಭೆಯಲ್ಲಿದ್ದರೂ ಬಾಯಿ ಬಿಡಬಾರದು. ಸಭೆ ಮುಗಿದ ದಿನವೇ, ತಡವಾದರೆ ಮರುದಿನ, ಇಪ್ಪತ್ತು ನಿಮಿಷ ಇಬ್ಬರೇ ಕೂತು ಮಾತಾಡಲಿ: ಯಾರನ್ನು ಕೇಳಬೇಕಿತ್ತು, ಕೇಳಲಿಲ್ಲ? ಯಾವ ಉತ್ತರವನ್ನು ಸುಮ್ಮನೆ ಒಪ್ಪಿದಿರಿ? ವಾರ ಬಿಟ್ಟು ಮಾತಾಡಿದರೆ ಇಬ್ಬರಿಗೂ ನೆನಪಿರುವುದಿಲ್ಲ.

ಸಮನ್ವಯ ಬಾರದವರಿಗೆ ಬೇಸಿಗೆಯ ಕುಡಿಯುವ ನೀರಿನ ಕೆಲಸಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಪಂಚಾಯಿತಿ, ಗ್ರಾಮೀಣ ನೀರು ಸರಬರಾಜು ಇಲಾಖೆ, ಕಂದಾಯ, ವಿದ್ಯುತ್ ಕಂಪನಿ ನಾಲ್ಕೂ ಕಡೆ ಓಡಾಡಬೇಕು, ಯಾರೂ ಅವರ ಕೈಕೆಳಗಿಲ್ಲ. ಒಂದು ಹೋಬಳಿಯ ಎಲ್ಲ ಹಳ್ಳಿಗಳ ನೋಡಲ್ ಮಾಡಿ, ಫೆಬ್ರವರಿಯಲ್ಲೇ ನೇಮಿಸಿ. ಏಪ್ರಿಲ್‌ನಲ್ಲಿ ನೇಮಿಸಿದರೆ ಟ್ಯಾಂಕರ್ ಲೆಕ್ಕ ಬರೆಯುವುದಷ್ಟೇ ಉಳಿದಿರುತ್ತದೆ.

ಒಬ್ಬರಿಗೆ ಒಂದು ಪುಟದ ಯೋಜನೆ ಸಾಕು. ಒಂದು ಬಲ, ಹೆಚ್ಚೆಂದರೆ ಎರಡು ಕೊರತೆ, ಅದಕ್ಕೆ ಕೊಟ್ಟ ಕೆಲಸ, ನೋಡುವವರು ಯಾರು, ಯಾವಾಗ. ಅವಧಿ 90 ದಿನ ಇಡಿ, ವರ್ಷ ಇಡಬೇಡಿ. ಇದಕ್ಕೆ ಕಾರಣ ವರ್ಗಾವಣೆ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಕನಿಷ್ಠ ಅವಧಿ ಇರಬೇಕು ಎಂದಿದ್ದರೂ ಅಧಿಕಾರಿಯೋ ಅವರ ಮಾರ್ಗದರ್ಶಿಯೋ ಮಧ್ಯದಲ್ಲಿ ಬದಲಾಗುವುದು ನಮ್ಮಲ್ಲಿ ಮಾಮೂಲು. 90 ದಿನದ್ದಾದರೆ ಒಂದು ಸುತ್ತಾದರೂ ಮುಗಿದಿರುತ್ತದೆ. ಹೊಸ ಮೇಲಧಿಕಾರಿಗೆ ಪ್ರಭಾರ ಪಟ್ಟಿಯ ಜೊತೆ ಆ ಪುಟವನ್ನೂ ಕೊಡಬೇಕು ಎಂದು ಆದೇಶದಲ್ಲೇ ಬರೆಸಿ.

ಖಾಲಿ ಹುದ್ದೆಗೆ ಹೆಚ್ಚುವರಿ ಪ್ರಭಾರ ಹೊರಿಸಿ ಅದನ್ನು ‘ನಾಯಕತ್ವ ಅಭಿವೃದ್ಧಿ’ ಎಂದು ಕರೆಯಬೇಡಿ, ಇದೊಂದು ವಿನಂತಿ. ಎರಡು ಮೇಜು, ನಾಲ್ಕು ಸಭೆ, ಕಲಿಯಲು ಸಮಯವೆಲ್ಲಿ?

---

ಕಡತದ_ಬೆನ್ನು

ರ್‍ಯಾಂಕ್ ಪಟ್ಟಿ ಕೊಡಬೇಡಿ ಮೇಡಂ/ಸರ್. ‘ತರಬೇತಿ_ಪೀಠ’ ಹೇಳಿದ ಹಾಗೆ 3.4 ಮತ್ತು 3.6ರ ನಡುವೆ ವ್ಯತ್ಯಾಸವೇ ಇಲ್ಲದಿರುವಾಗ ಏಳನೇ ಸ್ಥಾನ, ಎಂಟನೇ ಸ್ಥಾನ ಎಂದು ಬರೆಯುವುದು ಸುಳ್ಳು ಖಚಿತತೆ. ಸಿಇಒ ಅವರಿಗೆ ಬೇಕಾಗಿರುವುದು ಮೂರು ಗುಂಪು ಮಾತ್ರ: ಈಗಲೇ ಸಿದ್ಧ, ಒಂದು ಕೊರತೆ ತುಂಬಿದರೆ ಸಿದ್ಧ, ಇನ್ನೂ ಎರಡು ವರ್ಷದ ಅನುಭವ ಬೇಕು. ಅದರ ಜೊತೆ ಯಾರಿಗೆ ಯಾವ ಕೆಲಸ ಕೊಡಬೇಕು ಎಂಬ ಪಟ್ಟಿ ಇಡಿ. ಅವರು ನಾಳೆ ಸಹಿ ಹಾಕಬಹುದಾದದ್ದು ಎರಡನೆಯದೇ.

ಸಿಂಗಾಪುರದಲ್ಲಿ ರ್‍ಯಾಂಕ್ ಮಾಡುತ್ತಾರಲ್ಲ ಎಂದು ಯಾರಾದರೂ ಕೇಳುತ್ತಾರೆ. ಹೌದು, ಅಲ್ಲಿ 1983ರಿಂದ ಶೆಲ್ ಕಂಪನಿಯ ಪದ್ಧತಿ ತಂದು, ಒಬ್ಬರು ವೃತ್ತಿಜೀವನದಲ್ಲಿ ಎಲ್ಲಿಯವರೆಗೆ ಏರಬಲ್ಲರು ಎಂದು ಅಂದಾಜು ಮಾಡುತ್ತಾರೆ. ಆ ಅಂದಾಜಿನ ಮೇಲೆ ಹುದ್ದೆ ಕೊಡುವ ಅಧಿಕಾರ ಅವರಿಗಿದೆ. ಜ್ಯೇಷ್ಠತೆ ಮೇಲೆ ಬಡ್ತಿ ನಡೆಯುವ ಕಡೆ ಅದೇ ಅಂದಾಜು ಬರೀ ಹಣೆಪಟ್ಟಿ ಆಗುತ್ತದೆ.

ಹೇಳುವ ಬಗೆ: ಎರಡು ವಾರದೊಳಗೆ, ಒಬ್ಬೊಬ್ಬರನ್ನೇ, 45 ನಿಮಿಷ. ವೀಕ್ಷಕರಲ್ಲಿ ಒಬ್ಬರು ಹೇಳಬೇಕು, ಆಡಳಿತ ಶಾಖೆಯವರಲ್ಲ. ಮೊದಲು ಅವರದೇ ಕಡತ ರಾಶಿಯನ್ನು ಎದುರಿಗಿಟ್ಟು ‘ಈಗ ನೋಡಿದರೆ ಯಾವುದನ್ನು ಬೇರೆ ರೀತಿ ಬರೆಯುತ್ತೀರಿ’ ಎಂದು ಕೇಳಿ. ತುಂಬಾ ಜನ ತಾವೇ ಗುರುತಿಸುತ್ತಾರೆ. ಆಮೇಲೆ ಒಂದು ಬಲ, ಒಂದು ಕೊರತೆ, ಎರಡಕ್ಕೂ ಆ ದಿನ ಕಂಡ ಉದಾಹರಣೆ. ಅಂಕಿ ಹೇಳಬೇಡಿ, ಹೇಳಿದರೆ ಉಳಿದ ಮಾತು ಯಾವುದೂ ಕಿವಿಗೆ ಬೀಳುವುದಿಲ್ಲ, ‘ಅವರಿಗೆಷ್ಟು ಬಂತು’ ಎಂಬುದೇ ಮುಂದಿನ ಪ್ರಶ್ನೆ. ಕೋಣೆಯಿಂದ ಏಳುವ ಮೊದಲು ಆ 90 ದಿನದ ಪುಟ ಇಬ್ಬರ ಸಹಿಯೊಂದಿಗೆ ತಯಾರಿರಬೇಕು. ಇಪ್ಪತ್ತು ಮಂದಿಗೂ ಕೊಡುವಷ್ಟು ಕೆಲಸ ಹುಡುಕಿಟ್ಟುಕೊಳ್ಳದೆ ಈ ಮಾತುಕತೆ ಶುರು ಮಾಡಬೇಡಿ. ಅದಕ್ಕೇ, ಮೌಲ್ಯಮಾಪನದ ದಿನಾಂಕ ನಿಗದಿ ಮಾಡುವ ಮೊದಲು ಸಿಇಒ ಅವರಿಂದ ಆ ಕೆಲಸಗಳ ಪಟ್ಟಿಗೆ ಒಪ್ಪಿಗೆ ತೆಗೆದುಕೊಳ್ಳಿ.